ಲಂಡನ್-ಟೋಕಿಯೋ ದೂರ: ವೆಬ್‌ಸೈಟಲ್ಲಿ ಒಂದು, ಆಕಾಶದಲ್ಲಿ ಇನ್ನೊಂದು

ಪ್ರಶ್ನೆ: ಲಂಡನ್ನಿಂದ ಟೋಕಿಯೋಗೆ ಎಷ್ಟು ದೂರ ಅಂತ ದೂರ ಲೆಕ್ಕ ಹಾಕೋ ವೆಬ್‌ಸೈಟಲ್ಲಿ ನೋಡಿದ್ರೆ 9,560 ಕಿ.ಮೀ. ಅಂತ ಬರುತ್ತೆ. ಗಂಟೆಗೆ 900 ಕಿ.ಮೀ. ಅಂತ ಹಿಡಿದ್ರೂ ಹತ್ತೂವರೆ ಗಂಟೆ ಸಾಕಲ್ವಾ? ಟಿಕೆಟಲ್ಲಿ ನೋಡಿದ್ರೆ 14 ಗಂಟೆ ಹತ್ರ ಇದೆ. ಮ್ಯಾಪಲ್ಲಿ ಗೆರೆ ಬೇರೆ ಬಿಲ್ಲಿನ ತರ ಮೇಲಕ್ಕೆ ಬಾಗಿರುತ್ತೆ, ನೇರ ಹೋದ್ರೆ ಇನ್ನೂ ಹತ್ರ ಆಗಲ್ವಾ?

ಉತ್ತರ: ಮೊದ್ಲು ಗೆರೆ ವಿಷಯ ಮುಗಿಸೋಣ. ಆ ಬಾಗಿರೋ ಗೆರೆನೇ ಹತ್ರದ ದಾರಿ. ಭೂಮಿ ಗುಂಡಗಿದೆ, ಅದನ್ನ ಚಪ್ಪಟೆ ಮಾಡಿ ಮ್ಯಾಪ್ ಬರೆದಾಗ ಉತ್ತರದ ಕಡೆ ಎಲ್ಲಾ ಎಳೆದಂಗೆ ಅಗಲ ಆಗ್ಬಿಡುತ್ತೆ. ಗೋಡೆಗೆ ಹಾಕೋ ಮರ್ಕೇಟರ್ ಮ್ಯಾಪಲ್ಲಿ ಸ್ಕೇಲ್ ಇಟ್ಟು ನೇರ ಗೆರೆ ಎಳೀರಿ, ಅದು ಉಕ್ರೇನ್, ಕಜಕಸ್ತಾನ, ಚೀನಾ ಮೇಲೆ ಹಾದು ಹೋಗುತ್ತೆ, ಲೆಕ್ಕ ಹಾಕಿದ್ರೆ ಸುಮಾರು 11,300 ಕಿ.ಮೀ.! ಅದೇ ಒಂದು ಗ್ಲೋಬ್ ತಗೊಂಡು ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ, ದಾರ ತಾನಾಗೇ ಸ್ಕ್ಯಾಂಡಿನೇವಿಯಾ ದಾಟಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ, ಹತ್ರಹತ್ರ 71 ಡಿಗ್ರಿ ಅಕ್ಷಾಂಶದ ತನಕ ಹೋಗಿ ರಷ್ಯಾದ ಸೈಬೀರಿಯಾ ಮೇಲೆ ಹಾದು ಕೆಳಗಿಳಿಯುತ್ತೆ. ಇದಕ್ಕೆ ಗ್ರೇಟ್ ಸರ್ಕಲ್ ಅಂತಾರೆ, ಸೈಟ್ ಕೊಡೋ 9,560 ಇದೇ.

ಆದ್ರೆ ಈಗ ಈ ದಾರಿಲಿ ಹೋಗಕ್ಕೆ ಆಗಲ್ಲ, ಅಸಲಿ ವಿಷಯ ಇರೋದೇ ಇಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ಯುರೋಪ್ ದೇಶಗಳು ರಷ್ಯಾ ವಿಮಾನಗಳಿಗೆ ತಮ್ಮ ಆಕಾಶದ ಬಾಗ್ಲು ಹಾಕಿದ್ವು, ರಷ್ಯಾನೂ ತಿರುಗಿ ಹಾಕ್ತು, ಜಪಾನಿನ ಏರ್‌ಲೈನ್‌ಗಳೂ ಆ ಕಡೆ ಹೋಗೋದು ಬಿಟ್ವು. ಈಗ ಕೆಲವು ಫ್ಲೈಟ್ ಟರ್ಕಿ, ಮಧ್ಯ ಏಷ್ಯಾ, ಚೀನಾ ಸುತ್ಕೊಂಡು ಹೋಗುತ್ವೆ, ಇನ್ನು ಕೆಲವು ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯಿಂದ. ಮುಂಚೆ 12 ಗಂಟೆ ಆಸುಪಾಸು ಇದ್ದಿದ್ದು 14 ಆಗಿದ್ದು ಇದ್ರಿಂದ. ಹೆಲ್ಸಿಂಕಿಯವರ ಪಾಡು ಇನ್ನೂ ಕಷ್ಟ, ಟೋಕಿಯೋಗೆ ಒಂಬತ್ತೂವರೆ ಗಂಟೆ ಇದ್ದಿದ್ದು 13 ಆಗಿದೆ. ಹೊಸದೇನಲ್ಲ ಬಿಡಿ, ಶೀತಲ ಸಮರದ ಕಾಲದಲ್ಲೂ ಸೋವಿಯತ್ ಆಕಾಶ ಸಿಗದೆ ಎಷ್ಟೋ ಫ್ಲೈಟ್ ಅಲಾಸ್ಕಾದ ಆಂಕರೇಜಲ್ಲಿ ಇಳಿದು ಇಂಧನ ತುಂಬ್ಕೊಂಡು ಹೋಗ್ತಿದ್ವು.

ಗಾಳಿನೂ ಸೇರಿಸ್ಕೊಳ್ಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸ್ತಾ ಇರುತ್ತೆ, ಜೋರಿದ್ದಾಗ ಗಂಟೆಗೆ 200 ಕಿ.ಮೀ. ದಾಟುತ್ತೆ. ಬೆನ್ನಿಗೆ ಸಿಕ್ರೆ ಲಾಭ, ಎದುರು ಸಿಕ್ರೆ ನಷ್ಟ, ಅದಕ್ಕೇ ಪ್ಲಾನ್ ಮಾಡೋರು ದಿನಾ ಗಾಳಿ ನೋಡಿ ರೂಟ್ ಬದಲಾಯಿಸ್ತಾರೆ, ಒಂದೊಂದ್ ಸಲ ಉದ್ದದ ದಾರಿನೇ ಬೇಗ ಮುಟ್ಸುತ್ತೆ. ಹಾಗಾಗಿ 900ರಿಂದ ಭಾಗಿಸೋ ಲೆಕ್ಕ ನನಗಂತೂ ಇಷ್ಟ ಇಲ್ಲ.

ಇನ್ನು ಸೈಟ್‌ನಿಂದ ಸೈಟ್‌ಗೆ ಇಪ್ಪತ್ತು ಮೂವತ್ತು ಕಿ.ಮೀ. ವ್ಯತ್ಯಾಸ ಬಂದ್ರೆ ತಲೆ ಕೆಡಿಸ್ಕೋಬೇಡಿ. ಒಬ್ರು ಊರಿನ ಮಧ್ಯದಿಂದ ಅಳೀತಾರೆ, ಇನ್ನೊಬ್ರು ಏರ್‌ಪೋರ್ಟಿಂದ, ಭೂಮಿನೂ ಪೂರ್ತಿ ಗುಂಡಗಿಲ್ಲ. ಮೈಲಿ ಅಂತ ಬರೆದಿದ್ರೆ ಮಾತ್ರ ಹುಷಾರು, ಪೈಲಟ್‌ಗಳ ನಾಟಿಕಲ್ ಮೈಲಿ 1.852 ಕಿ.ಮೀ., ಮಾಮೂಲಿ ಮೈಲಿ 1.609. ನಿಮ್ ಫ್ಲೈಟ್ ಅವತ್ತು ನಿಜವಾಗ್ಲೂ ಎಷ್ಟು ಹಾರ್ತು ಅಂತ ಬೇಕಿದ್ರೆ ಡಿಸ್ಟೆನ್ಸ್ ಕ್ಯಾಲ್ಕುಲೇಟರ್ ಬಿಟ್ಟು ಫ್ಲೈಟ್ ಟ್ರ್ಯಾಕಿಂಗ್ ಆ್ಯಪಲ್ಲಿ ಅವತ್ತಿನ ಟ್ರ್ಯಾಕ್ ತೆಗೆದು ನೋಡಿ.