ಹಳೇ ಡಾಸ್ ಗೇಮ್ ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: 1998ರಲ್ಲಿ ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂತು. ಶನಿವಾರ ಬೆಳಗಿನ ಕ್ಲಾಸ್ ಮುಗಿದ ಮೇಲೆ ಮೇಷ್ಟ್ರು ಅರ್ಧ ಗಂಟೆ ‘ಪ್ರಿನ್ಸ್’ ಆಡಲು ಬಿಡುತ್ತಿದ್ದರು. ಈಗ ನನ್ನ ಮಗಳಿಗೆ ಹತ್ತು ವರ್ಷ. ಅವಳಿಗೂ ಅಂಥ ಗೇಮ್ ತೋರಿಸುವ ಆಸೆ. ಮನೆಯಲ್ಲಿರುವುದು ವಿಂಡೋಸ್ 11 ಲ್ಯಾಪ್‌ಟಾಪ್. ಆನ್‌ಲೈನ್‌ನಲ್ಲಿ ‘ಸಾವಿರ ಹಳೇ ಗೇಮ್’ ತುಂಬಿದ ಪೆನ್‌ಡ್ರೈವ್ ಮಾರುತ್ತಿದ್ದಾರೆ. ತಗೊಳ್ಳಬಹುದಾ? – ಹಾಸನದ ಓದುಗರು

ಉತ್ತರ: ಆ ಪೆನ್‌ಡ್ರೈವ್ ಬೇಡ. ಸಾವಿರ ಗೇಮ್‌ಗಳ ಹಕ್ಕು ಪಡೆದು ಯಾರೂ ಹಾಗೆ ಒಂದೇ ಡ್ರೈವ್‌ನಲ್ಲಿ ತುಂಬಿ ಮಾರುವುದಿಲ್ಲ. ಅದರಲ್ಲಿ ವೈರಸ್ ಇಲ್ಲ ಅನ್ನುವ ಖಾತ್ರಿಯೂ ಇಲ್ಲ. ಮಗಳು ಬಳಸುವ ಲ್ಯಾಪ್‌ಟಾಪ್ ಅದು, ಅಲ್ವಾ?

ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ವಿಂಡೋಸ್‌ಗಿಂತ ಮೊದಲು ಪಿಸಿಗಳನ್ನು ನಡೆಸುತ್ತಿದ್ದ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳನ್ನು ಅದು ಮುಟ್ಟುವುದೂ ಇಲ್ಲ. ಹಾಗಾಗಿ ಮಧ್ಯದಲ್ಲಿ ಒಂದು ಎಮ್ಯುಲೇಟರ್ ಬೇಕು. ಹೆಚ್ಚಿನವರು ಬಳಸುವುದು 2002ರಿಂದ ಇರುವ ಡಾಸ್‌ಬಾಕ್ಸ್. ಅದು ಪ್ರೊಸೆಸರ್, ಚಿತ್ರ ತೋರಿಸುವ ವಿಜಿಎ, ಧ್ವನಿ ಕೊಡುವ ಸೌಂಡ್ ಬ್ಲಾಸ್ಟರ್ ಕಾರ್ಡ್ ಎಲ್ಲವನ್ನೂ ಅನುಕರಿಸುತ್ತದೆ. ತಾನು ಹಳೇ ಪಿಸಿಯಲ್ಲೇ ಓಡುತ್ತಿದ್ದೇನೆ ಅಂತ ಗೇಮ್ ನಂಬಿಬಿಡುತ್ತದೆ. ಇನ್ನೊಂದು 2001ರಲ್ಲಿ ಶುರುವಾದ ಸ್ಕಮ್‌ವಿಎಂ. ಅದರ ದಾರಿ ಬೇರೆ. ಅದು ಯಂತ್ರವನ್ನು ಅನುಕರಿಸುವುದಿಲ್ಲ. ಗೇಮ್‌ನ ಎಂಜಿನ್ (ಗೇಮ್ ಓಡಿಸುವ ಪ್ರೋಗ್ರಾಂ)‌ ಅನ್ನೇ ಹೊಸದಾಗಿ ಬರೆದಿದ್ದಾರೆ. ಚಿತ್ರ, ಮಾತು, ಸಂಗೀತ ಇರುವ ಡೇಟಾ ಫೈಲ್‌ಗಳನ್ನು ಮಾತ್ರ ಹಳೇ ಗೇಮ್‌ನಿಂದ ತೆಗೆದುಕೊಳ್ಳುತ್ತದೆ. ‘ಮಂಕಿ ಐಲ್ಯಾಂಡ್’ ಥರದ ಕಥೆಯಿರುವ ಗೇಮ್‌ಗಳಿಗೆ ಇದೇ ಸರಿ. ಆಂಡ್ರಾಯ್ಡ್ ಫೋನ್‌ನಲ್ಲೂ ನಡೆಯುತ್ತದೆ.

ಎರಡೂ ಪುಕ್ಕಟೆ. ಟೇಪ್ ರೆಕಾರ್ಡರ್ ಬಿಟ್ಟಿ, ಕ್ಯಾಸೆಟ್‌ಗೆ ಮಾತ್ರ ದುಡ್ಡು ಅಂದುಕೊಳ್ಳಿ. ಎಮ್ಯುಲೇಟರ್‌ಗೇ ಯಾರಾದರೂ ದುಡ್ಡು ಕೇಳಿದರೆ ಅಲ್ಲಿ ನಿಲ್ಲಬೇಡಿ.

ಕ್ಯಾಸೆಟ್ ಕೊಳ್ಳಲು ನಾನು ಮೊದಲು ನೋಡುವ ಜಾಗ ಜಿಒಜಿ. ‘ಗುಡ್ ಓಲ್ಡ್ ಗೇಮ್ಸ್’ ಎಂಬ ಹೆಸರಿನಲ್ಲಿ 2008ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಶುರು ಮಾಡಿದ ಅಂಗಡಿ. ಅಲ್ಲಿ ಡಾಸ್ ಗೇಮ್ ಕೊಂಡರೆ ಡಾಸ್‌ಬಾಕ್ಸ್ ಒಳಗೇ ಇರುತ್ತದೆ, ಸೆಟ್ಟಿಂಗ್ ಕೂಡ ಮಾಡಿಟ್ಟಿರುತ್ತಾರೆ. ಐಕಾನ್ ಒತ್ತಿದರೆ ಆಯ್ತು. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಅವರು ಕೊಡುವ ಗೇಮ್‌ಗೆ ಬೀಗ, ಅಂದರೆ ಕಾಪಿ ಮಾಡದಂತೆ ತಡೆಯುವ ಏರ್ಪಾಡು, ಇಲ್ಲ. ಕೊಂಡ ಮೇಲೆ ನಿಮ್ಮ ಲೈಬ್ರರಿಯಲ್ಲಿ ‘ಆಫ್‌ಲೈನ್ ಇನ್‌ಸ್ಟಾಲರ್’ ಅಂತ ಕಾಣುತ್ತದೆ. ದಯವಿಟ್ಟು ಅದನ್ನು ಅವತ್ತೇ ಇಳಿಸಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಹಕ್ಕಿನ ಒಪ್ಪಂದ ಮುಗಿದು ಗೇಮ್ ಅಂಗಡಿಯಿಂದ ಹೋದರೂ ನಿಮ್ಮ ಕಾಪಿ ನಿಮ್ಮದೇ. ಇನ್‌ಸ್ಟಾಲ್ ಆದ ಫೋಲ್ಡರ್ ತೆರೆದು ನೋಡಿ. ಒಳಗೆ ಡಾಸ್‌ಬಾಕ್ಸ್ ಒಂದು ಫೋಲ್ಡರ್‌ನಲ್ಲಿ, ಹಳೇ ಗೇಮ್‌ನ ಫೈಲ್‌ಗಳು ಇನ್ನೊಂದು ಕಡೆ. ಕೆಲವು ಎಂಬಿ ಅಷ್ಟೇ. ನಾಳೆ ಇನ್ನೊಂದು ಎಮ್ಯುಲೇಟರ್ ಬಂದರೆ ಆ ಫೈಲ್‌ಗಳನ್ನು ಎತ್ತಿ ಅದಕ್ಕೆ ಕೊಡಬಹುದು. ಹಳೇ ಗೇಮ್ ಕೊಳ್ಳುವಾಗ ನಾನು ಕೇಳುವುದು ಇದೊಂದೇ: ಫೈಲ್ ನನ್ನ ಕೈಗೆ ಬರುತ್ತದಾ?

ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲೂ ಹಳೇ ಗೇಮ್‌ಗಳಿವೆ, ರೂಪಾಯಿಯಲ್ಲಿ ಕೊಡಬಹುದು. ಆದರೆ ಇನ್‌ಸ್ಟಾಲ್ ಮಾಡಲು ಅವರ ಖಾತೆ, ಅವರ ಆಪ್ ಬೇಕೇ ಬೇಕು. ಆಡಿ ನೋಡಿ ವಾಪಸ್ ಮಾಡುವುದಾದರೆ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು. ಜಿಒಜಿಯಲ್ಲಿ ಗೇಮ್ ನಡೆಯದೆ ತೊಂದರೆಯಾದರೆ 30 ದಿನ. ಪಾವತಿ ಆಗದಿದ್ದರೆ ಗಾಬರಿ ಬೇಡ. ಬ್ಯಾಂಕ್ ಆಪ್‌ನಲ್ಲಿ ಕಾರ್ಡಿಗೆ ‘ಅಂತಾರಾಷ್ಟ್ರೀಯ ವಹಿವಾಟು’ ಆಫ್ ಆಗಿರಬಹುದು. ಆನ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ.

ಈಗ ಪ್ರಿನ್ಸ್ ವಿಷಯ. ‘ಪ್ರಿನ್ಸ್ ಆಫ್ ಪರ್ಷಿಯಾ’ ಮೊದಲು ಬಂದದ್ದು 1989ರಲ್ಲಿ, ಆ್ಯಪಲ್ 2 ಕಂಪ್ಯೂಟರಿಗೆ. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ಕಳೆದುಹೋಗಿದ್ದ ಸೋರ್ಸ್ ಕೋಡ್ (ಗೇಮ್ ಬರೆದ ಮೂಲ ಪ್ರೋಗ್ರಾಂ) ಇದ್ದ ಫ್ಲಾಪಿಗಳು ಸಿಕ್ಕ ಮೇಲೆ 2012ರಲ್ಲಿ ಅದನ್ನು ಎಲ್ಲರಿಗೂ ಓದಲು ಬಿಟ್ಟರು. ಬೇಸರದ ಸಂಗತಿ ಅಂದರೆ ಆ ಮೊದಲ ಗೇಮ್ ಈಗ ಪಿಸಿಗೆ ಮಾರಾಟಕ್ಕಿಲ್ಲ. ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವುದು 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಮತ್ತು ಆಮೇಲಿನವು. ಹೆಸರು ನೋಡಿ ಕೊಂಡುಬಿಡಬೇಡಿ, ಇಸವಿ ನೋಡಿ. ಜಿಒಜಿಯ ‘ಡ್ರೀಮ್‌ಲಿಸ್ಟ್’ನಲ್ಲಿ ಬೇಕಾದ ಗೇಮ್‌ಗೆ ವೋಟ್ ಹಾಕಬಹುದು. ನಿಮ್ಮ ವೋಟೂ ಹಾಕಿ.

ಪ್ರಿನ್ಸ್ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಡಾಸ್ ಆವೃತ್ತಿಯಲ್ಲಿ ಮೊದಲ ಲೆವೆಲ್ ಮುಗಿದ ಮೇಲೆ ಒಂದು ಕೋಣೆ ಬರುತ್ತದೆ. ಸಾಲಾಗಿ ಔಷಧಿ ಬಾಟಲಿಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿ ಕುಡಿಯಬೇಕು. ಅಂದಿನ ಬೀಗ ಅದು. ಪುಸ್ತಕ ಇಲ್ಲದವನು ಅಲ್ಲೇ ನಿಲ್ಲಬೇಕಿತ್ತು. ಅದಕ್ಕೇ ಹೇಳುವುದು, ಹಳೇ ಗೇಮ್ ಜೊತೆ ಕೈಪಿಡಿಯ ಪಿಡಿಎಫ್ ಕೊಡುತ್ತಾರಾ ನೋಡಿ. ಅದು ಗೇಮ್‌ನ ಒಂದು ಭಾಗವೇ.

ಮಗಳ ಜೊತೆ ಶುರು ಮಾಡಲು ‘ಜ್ಯಾಝ್ ಜ್ಯಾಕ್‌ರ್‍ಯಾಬಿಟ್’ ಕೊಳ್ಳಿ, ಜಿಒಜಿಯಲ್ಲಿದೆ. 1994ರ ಹಸಿರು ಮೊಲ, ಓಡುವುದು, ಹಾರುವುದು. ಪ್ರಿನ್ಸ್ ಆಡಿದ ನಿಮ್ಮ ಬೆರಳಿಗೂ ಹಿಡಿಸುತ್ತದೆ.

ಪ್ರಶ್ನೆ: ಅಪ್ಪ 2001ರಲ್ಲಿ ಕೊಡಿಸಿದ್ದ ಗೇಮ್ ಸಿಡಿಗಳು ಅಟ್ಟದಲ್ಲಿ ಸಿಕ್ಕಿವೆ. ಒಂದು ಡಾಸ್‌ನದ್ದು, ಎರಡು ವಿಂಡೋಸ್‌ನವು. ಇವನ್ನೇ ಆಡಲು ಆಗುತ್ತದಾ, ಮತ್ತೆ ಕೊಳ್ಳಬೇಕಾ? – ಮೈಸೂರಿನ ಓದುಗರು

ಉತ್ತರ: ಡಾಸ್ ಸಿಡಿ ಬಹುತೇಕ ನಡೆಯುತ್ತದೆ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಬೇಕು. ಸಿಡಿ ಒರೆಸುವಾಗ ಸುತ್ತ ತಿರುಗಿಸಬೇಡಿ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಆಮೇಲೆ ಮೊದಲು ಒಂದು ಕಾಪಿ ಮಾಡಿ. ಸಿಡಿಯ ಡೇಟಾವನ್ನು ಒಂದೇ ಫೈಲ್‌ಗೆ ಇಳಿಸುವ ಐಎಸ್‌ಒ ಮಾಡಿದರೆ ಸಾಲದು. ಅಂದಿನ ಎಷ್ಟೋ ಗೇಮ್‌ಗಳು ಸಂಗೀತವನ್ನು ಅದೇ ಸಿಡಿಯಲ್ಲಿ ಆಡಿಯೊ ಹಾಡುಗಳಾಗಿ ಇಟ್ಟಿದ್ದವು. ಐಎಸ್‌ಒ ಅದನ್ನು ಹಿಡಿಯುವುದಿಲ್ಲ. ಗೇಮ್ ಓಡುತ್ತದೆ, ಸಂಗೀತ ಮಾತ್ರ ಇರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಎರಡು ಫೈಲ್‌ಗಳ ರೂಪದಲ್ಲಿ ಕಾಪಿ ಮಾಡಿ, ಡಾಸ್‌ಬಾಕ್ಸ್‌ಗೆ ಕ್ಯೂ ಫೈಲ್ ತೋರಿಸಿ. ನೀವೇ ಕೊಂಡ ಪ್ರೋಗ್ರಾಂ ಹಾಳಾಗದಿರಲಿ ಅಂತ ಬ್ಯಾಕಪ್ ಇಟ್ಟುಕೊಳ್ಳಲು 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ವಿಂಡೋಸ್ ಸಿಡಿಗಳದ್ದೇ ಕಷ್ಟ. ಕೆಲವದರಲ್ಲಿ ಗೇಮ್ 32 ಬಿಟ್, ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಮಾತ್ರ 16 ಬಿಟ್. ಬಾಗಿಲಲ್ಲೇ ನಿಂತುಬಿಡುತ್ತದೆ. ಇನ್ನು ಕೆಲವದರಲ್ಲಿ ಸೇಫ್‌ಡಿಸ್ಕ್ ಎಂಬ ಬೀಗ ಇದೆ. ಅದರ ಡ್ರೈವರ್‌ನಲ್ಲಿ ಭದ್ರತೆಯ ತೊಂದರೆ ಇದ್ದುದರಿಂದ ವಿಂಡೋಸ್ 10ರಿಂದ ಅದಕ್ಕೆ ಬೆಂಬಲವೇ ಇಲ್ಲ. ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಹೀಗೆ ಕೈಕೊಡುವುದು ನನಗೆ ನಿಜಕ್ಕೂ ನೋವಿನ ವಿಷಯ. ಇಂಥವು ಬೀಗ ಇಲ್ಲದೆ ಜಿಒಜಿಯಲ್ಲಿ ಸಿಕ್ಕರೆ ಮತ್ತೊಮ್ಮೆ ಕೊಳ್ಳುವುದೇ ಒಳ್ಳೆಯದು. ಅಪ್ಪ ಕೊಡಿಸಿದ ಸಿಡಿಯನ್ನು ಮಾತ್ರ ಎಸೆಯಬೇಡಿ.

ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ದೊಡ್ಡ ಡಬ್ಬ ನೋಡಿ ಖುಷಿಯಾಗಿ ಕೊಂಡಿದ್ದೆ. ಮನೆಗೆ ಬಂದು ಸಿಡಿ ತಿರುಗಿಸಿದರೆ ತಳ ತಿಳಿ ಹಸಿರು. ಅಂದರೆ ಯಾರೋ ರೈಟ್ ಮಾಡಿದ ಸಿಡಿ. ಕಾರ್ಖಾನೆಯಲ್ಲಿ ಒತ್ತಿದ ಸಿಡಿಯ ತಳ ಬೆಳ್ಳಿ ಬಣ್ಣ. ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ‘ಅಬ್ಯಾಂಡನ್‌ವೇರ್’ ಅಂತ ಹಳೇ ಗೇಮ್ ಸುಮ್ನೆ ಕೊಡುತ್ತಾರಲ್ಲ, ತಪ್ಪೇನು? – ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಕಾನೂನಿನಲ್ಲಿ ಆ ಪದವೇ ಇಲ್ಲ. ಮಾರುವುದು ನಿಲ್ಲಿಸಿದರೂ ಹಕ್ಕು ಇದ್ದೇ ಇರುತ್ತದೆ. ನಿಮ್ಮ ಸಿಟ್ಟೂ ಸುಳ್ಳಲ್ಲ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರಾಟಕ್ಕೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಹೇಳಿತು. ಕೊಳ್ಳಲು ಬಂದವನಿಗೇ ಮಾಲಿಲ್ಲ. ಆದರೂ ಮೊದಲು ಹಕ್ಕುದಾರರೇ ಬಿಟ್ಟುಕೊಟ್ಟಿರುವುದನ್ನು ಆಡಿ. 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಗೇಮ್‌ ಅನ್ನು ಅದರ ಕಂಪನಿಯೇ 2003ರಲ್ಲಿ ಉಚಿತ ಮಾಡಿತು. ಸ್ಕಮ್‌ವಿಎಂ ತಾಣದಲ್ಲೇ ಸಿಗುತ್ತದೆ. ‘ಅಲ್ಟಿಮಾ 4’ ಜಿಒಜಿಯಲ್ಲಿ ಉಚಿತ. ‘ಡೂಮ್’ನ ಮೊದಲ ಭಾಗವನ್ನು 1993ರಲ್ಲೇ ಹಂಚಲು ಬಿಟ್ಟಿದ್ದರು. ಡೂಮ್‌ನ ಕೋಡ್ 1997ರಲ್ಲಿ ಹೊರಬಂತು, ಹಾಗಂತ ಉಳಿದ ಲೆವೆಲ್‌ಗಳು ಬಿಟ್ಟಿಯಾಗಲಿಲ್ಲ. ಕೋಡ್ ಬೇರೆ, ಗೇಮ್ ಬೇರೆ. ಇಲ್ಲೇ ಜಾಸ್ತಿ ಜನ ಎಡವುವುದು.

ಪ್ರಶ್ನೆ: ನನ್ನ ಹಳೇ ಫ್ಲಾಪಿಯಿಂದ ‘ವಿಂಗ್ ಕಮಾಂಡರ್’ ಹಾಕಿಕೊಂಡೆ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ‘ಮ್ಯಾಕ್ಸ್’ ಇಟ್ಟಿದ್ದೇನೆ. ಹಡಗು ಬುಗುರಿ ಥರ ಸುತ್ತುತ್ತದೆ. – ಉಡುಪಿಯ ಓದುಗರು

ಉತ್ತರ: ಮ್ಯಾಕ್ಸ್ ತೆಗೆಯಿರಿ. 1990ರ ಈ ಗೇಮ್‌ನ ವೇಗ ಪ್ರೊಸೆಸರ್‌ನ ವೇಗದ ಮೇಲೇ ನಿಂತಿದೆ. ಡಾಸ್‌ಬಾಕ್ಸ್ ಎಷ್ಟು ವೇಗವಾಗಿ ಓಡಬೇಕು ಎಂದು ಹೇಳುವುದೇ ಸೈಕಲ್ಸ್. ಸೆಟ್ಟಿಂಗ್ ಫೈಲ್‌ನಲ್ಲಿ ಸೈಕಲ್ಸ್ 3000 ಎಂದು ಬರೆದು ಶುರು ಮಾಡಿ. ಆಡುತ್ತಲೇ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಕಿಟಕಿಯ ಮೇಲಿನ ಪಟ್ಟಿಯಲ್ಲಿ ಸಂಖ್ಯೆ ಬದಲಾಗುವುದು ಕಾಣುತ್ತದೆ. ಸರಿ ಅನಿಸಿದ ಸಂಖ್ಯೆಯನ್ನು ಗುರುತು ಹಾಕಿಕೊಂಡು ಫೈಲ್‌ನಲ್ಲಿ ಬರೆದುಬಿಡಿ. ಲ್ಯಾಪ್‌ಟಾಪ್ ಆದರೆ ‘ಎಫ್‌ಎನ್’ ಕೀಲಿಯನ್ನೂ ಒತ್ತಿ ಹಿಡಿಯಬೇಕಾದೀತು. ಇಲ್ಲದಿದ್ದರೆ ವೇಗ ಬದಲಾಗುವ ಬದಲು ಪರದೆಯ ಬೆಳಕು ಜಾಸ್ತಿ ಕಮ್ಮಿ ಆಗುತ್ತಿರುತ್ತದೆ.