ಭಾಷೆ ಮತ್ತು ಅರಿವಿನ ವಿಜ್ಞಾನ: ಸ್ನಾತಕೋತ್ತರ ಓದಿಗೆ ಹೊರಟವರ ಎರಡು ಪ್ರಶ್ನೆಗಳು

ಪ್ರಶ್ನೆ: ನಾನು ಭಾಷೆ ಮತ್ತು ಸಾಹಿತ್ಯದಲ್ಲಿ ಪದವಿ ಮುಗಿಸಿದ್ದೇನೆ. ವ್ಯಾಕರಣ ಮತ್ತು ಭಾಷಾವಿಜ್ಞಾನ ನನಗೆ ಬಹಳ ಹಿಡಿಸಿದ ವಿಷಯಗಳು. ಮನಸ್ಸು ಭಾಷೆಯನ್ನು ಹೇಗೆ ಕಲಿಯುತ್ತದೆ ಎಂಬುದನ್ನು ತಿಳಿಯುವ ಆಸೆಯಿಂದ ಅರಿವಿನ ವಿಜ್ಞಾನ (ಕಾಗ್ನಿಟಿವ್ ಸೈನ್ಸ್) ಮತ್ತು ಭಾಷೆಯ ಸ್ನಾತಕೋತ್ತರ ಕೋರ್ಸಿಗೆ ಸೇರಬೇಕೆಂದಿದ್ದೇನೆ. ಆದರೆ ಗಣಿತವನ್ನು ಶಾಲೆಯಲ್ಲೇ ಬಿಟ್ಟೆ, ಮಿದುಳಿನ ಬಗ್ಗೆ ಓದಿಲ್ಲ, ಪ್ರೋಗ್ರಾಮಿಂಗ್ ಬರುವುದಿಲ್ಲ. ನನ್ನಂಥವರಿಗೆ ಇಲ್ಲಿ ಜಾಗವಿದೆಯೇ? ಕೋರ್ಸನ್ನು ಆರಿಸುವುದು ಹೇಗೆ?

ಉತ್ತರ: ಖಂಡಿತ ಇದೆ. ಈ ವಿಜ್ಞಾನ ಹುಟ್ಟಿದ್ದೇ ಬೇರೆ ಬೇರೆ ಓದಿನವರು ಒಂದೆಡೆ ಸೇರಿದ್ದರಿಂದ. 1956ರ ಸೆಪ್ಟೆಂಬರ್ 11ರಂದು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿಚಾರಗೋಷ್ಠಿಯೊಂದರಲ್ಲಿ ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ, ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಭಾಷೆಯ ರಚನೆಯನ್ನು ವಿವರಿಸಬಲ್ಲ ಮಾದರಿಗಳ ಬಗ್ಗೆ, ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅಲ್ಪಕಾಲದ ನೆನಪಿನ ಮಿತಿಯ ಬಗ್ಗೆ ಮಾತಾಡಿದರು. ಮಿಲ್ಲರ್ ಮುಂದೆ ಆ ದಿನದಿಂದಲೇ ಅರಿವಿನ ವಿಜ್ಞಾನದ ಆರಂಭವನ್ನು ಎಣಿಸಿದರು. ಇಂದಿಗೂ ಒಂದು ಒಳ್ಳೆಯ ತರಗತಿಯಲ್ಲಿ ಮನೋವಿಜ್ಞಾನ, ಭಾಷಾವಿಜ್ಞಾನ, ತತ್ವಶಾಸ್ತ್ರ, ವಾಕ್ ಚಿಕಿತ್ಸೆ, ಎಂಜಿನಿಯರಿಂಗ್ ಓದಿ ಬಂದವರು ಜೊತೆಯಲ್ಲಿ ಕೂರುತ್ತಾರೆ. ಅವರಲ್ಲಿ ಪ್ರತಿಯೊಬ್ಬರಿಗೂ ಅರ್ಧ ಪಠ್ಯ ಹೊಸದಾಗಿರುತ್ತದೆ. ನಿಮಗೆ ಹೊಸದಾಗಿರುವ ಅರ್ಧ ಯಾವುದೆಂದು ನಿಮಗೆ ಈಗಲೇ ಗೊತ್ತಿರುವುದು ಅನುಕೂಲವೇ ಸರಿ.

ನಿಮ್ಮ ಕೈಯಲ್ಲಿರುವ ಅರ್ಧದ ಬೆಲೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದನ್ನು ನೀವು ಕಡಿಮೆ ಎಣಿಸಿದ್ದೀರಿ ಎಂದು ನನಗನ್ನಿಸುತ್ತದೆ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಪ್ರಕಟಿಸಿದ ಅಧ್ಯಯನವೊಂದನ್ನು ನೋಡಿ. ಕನ್ನಡದಲ್ಲಿ ‘ಕರಗು’ ಎಂಬುದಕ್ಕೆ ‘ಇಸು’ ಸೇರಿ ‘ಕರಗಿಸು’ ಆದರೆ, ಯಾರೋ ಒಬ್ಬರು ಆ ಕೆಲಸವನ್ನು ಆಗುಮಾಡಿದರು ಎಂಬ ಅರ್ಥ ಸ್ಪಷ್ಟವಾಗಿ ಬರುತ್ತದೆ. ವಾಕ್ಯದಲ್ಲಿ ಎರಡು ನಾಮಪದಗಳು ಇದ್ದ ಮಾತ್ರಕ್ಕೆ ಆ ಅರ್ಥ ಬರಲೇಬೇಕೆಂದಿಲ್ಲ. ‘ಅವಳು ಚಂದ್ರನನ್ನು ನೋಡಿದಳು’ ಎಂಬಲ್ಲಿ ಅವಳು ಚಂದ್ರನಿಗೆ ಏನನ್ನೂ ಮಾಡಿಲ್ಲ. ಹಾಗಾದರೆ, ಕೇಳಿದ ಮಾತಿನಲ್ಲಿ ಹೆಚ್ಚು ನಂಬಲರ್ಹವಾದ ಗುರುತನ್ನೇ ಮಗು ಹಿಡಿಯುವುದಾದರೆ ‘ಇಸು’ವನ್ನು ಹಿಡಿಯಬೇಕಿತ್ತು. ವಾಕ್ಯವನ್ನು ಕೇಳಿ ಆಟಿಕೆಗಳಿಂದ ಅಭಿನಯಿಸಿ ತೋರಿಸಲು ಹೇಳಿದಾಗ, ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳು ಪ್ರತ್ಯಯಕ್ಕಿಂತ ನಾಮಪದಗಳ ಸಂಖ್ಯೆಯನ್ನೇ ಅವಲಂಬಿಸಿದರು. ಮಗು ಭಾಷೆಯ ಬಗ್ಗೆ ಕೆಲವು ನಿರೀಕ್ಷೆಗಳನ್ನು ಇಟ್ಟುಕೊಂಡೇ ಕಲಿಕೆಗೆ ತೊಡಗುತ್ತದೆ ಎಂದು ಸಂಶೋಧಕರು ಇದನ್ನು ಅರ್ಥೈಸಿದರು. ಆ ಅರ್ಥೈಕೆಯನ್ನು ಒಪ್ಪದವರೂ ಇದ್ದಾರೆ. ಆದರೆ ಪ್ರಯೋಗದ ಸೊಗಸು ಎಲ್ಲಿದೆ ನೋಡಿ: ಮಗು ಕೇಳಿದ ಮಾತಿನಿಂದಷ್ಟೇ ಕಲಿಯುತ್ತದೆ, ನಿರೀಕ್ಷೆಗಳೊಂದಿಗೇ ಕಲಿಕೆಗೆ ತೊಡಗುತ್ತದೆ ಎಂಬ ಎರಡು ವಾದಗಳನ್ನು ಬೇರ್ಪಡಿಸಬಲ್ಲ ಒಂದು ಪ್ರತ್ಯಯ ಇಂಥ ಭಾಷೆಯಲ್ಲಿದೆ ಎಂದು ಗುರುತಿಸುವುದು ವ್ಯಾಕರಣ ಬಲ್ಲವರ ಕೆಲಸ. ಯಾವ ಯಂತ್ರವೂ ಆ ಪ್ರಶ್ನೆಯನ್ನು ಹುಟ್ಟಿಸಿಕೊಡುವುದಿಲ್ಲ.

ಈಗ ನಿಮಗಿಲ್ಲದ ಅರ್ಧ. ಅದರಲ್ಲಿ ಮಿದುಳಿನ ಪಾಠ ಹೊರಗಿನಿಂದ ಕಾಣುವಷ್ಟು ಕಷ್ಟವಲ್ಲ. ಮೊದಲ ಅವಧಿಯಲ್ಲಿ ಶ್ರದ್ಧೆಯಿಂದ ಓದಿದರೆ ಸಾಕಷ್ಟು ಹಿಡಿತ ಬರುತ್ತದೆ. ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ ಯಾವ ವಿಧಾನ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂಬುದು. ನೆತ್ತಿಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಅಳೆಯುವ ಇಇಜಿ, ಮಿದುಳಿನ ಚಟುವಟಿಕೆಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತೋರಿಸುತ್ತದೆ. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್, ವಾಕ್ಯದ ಅರ್ಥಕ್ಕೆ ಹೊಂದದ ಪದ ಬಂದ ಸುಮಾರು 400 ಮಿಲಿಸೆಕೆಂಡಿಗೆ ಏಳುವ ಅಲೆಯನ್ನು ಕಂಡದ್ದು ಈ ವಿಧಾನದಿಂದಲೇ. ಆದರೆ ಆ ಅಲೆ ಮಿದುಳಿನ ಯಾವ ಭಾಗದಿಂದ ಬಂತೆಂದು ಅದು ಖಚಿತವಾಗಿ ಹೇಳಲಾರದು. ಕಾಂತಕ್ಷೇತ್ರದ ನೆರವಿನಿಂದ ಮಿದುಳಿನ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಜಾಗವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದು ಅಳೆಯುವುದು ರಕ್ತದಲ್ಲಾಗುವ ಬದಲಾವಣೆಯನ್ನು. ಆ ಬದಲಾವಣೆಗೆ ಹಲವು ಸೆಕೆಂಡು ಹಿಡಿಯುವುದರಿಂದ ಪದದಿಂದ ಪದಕ್ಕೆ ಮನಸ್ಸು ಸಾಗುವ ವೇಗವನ್ನು ಅದರಲ್ಲಿ ಕಾಣುವುದು ಕಷ್ಟ. ಇನ್ನು ಕಣ್ಣಿನ ಚಲನೆಯನ್ನು ಹಿಂಬಾಲಿಸುವ, ಅಥವಾ ಕೇವಲ ಓದಿನ ಸಮಯವನ್ನು ಅಳೆಯುವ ಪ್ರಯೋಗಗಳಿಂದ ಭಾಷೆಯ ಬಗ್ಗೆ ನಾವು ಕಲಿತಿರುವುದು ಯಾವ ದೊಡ್ಡ ಯಂತ್ರದಿಂದ ಕಲಿತದ್ದಕ್ಕೂ ಕಡಿಮೆಯಲ್ಲ.

ನಿಜವಾದ ಪರಿಶ್ರಮ ಬೇಡುವುದು ಸಂಖ್ಯಾಶಾಸ್ತ್ರ. ಇದನ್ನು ಮರೆಮಾಚುವುದು ನಿಮಗೆ ಅನ್ಯಾಯ ಮಾಡಿದಂತೆ. ಮೂವತ್ತು ಜನ ನಲವತ್ತು ವಾಕ್ಯಗಳನ್ನು ಓದಿದ ದತ್ತಾಂಶದಲ್ಲಿ, ಕಂಡ ವ್ಯತ್ಯಾಸ ವಾಕ್ಯದ ರಚನೆಯಿಂದ ಬಂದದ್ದೋ, ಕೆಲವರು ನಿಧಾನವಾಗಿ ಓದುವುದರಿಂದ ಬಂದದ್ದೋ, ಕೆಲವು ಪದಗಳು ಅಪರೂಪವಾಗಿರುವುದರಿಂದ ಬಂದದ್ದೋ ಎಂದು ಬೇರ್ಪಡಿಸಲು ಬಾರದಿದ್ದರೆ, ಬೇರೆಯವರ ಲೇಖನವನ್ನು ವಿಮರ್ಶಿಸಿ ಓದುವುದೂ ಆಗುವುದಿಲ್ಲ. ಆದ್ದರಿಂದ ಸೇರುವ ಮುಂಚಿನ ಕೆಲವು ತಿಂಗಳುಗಳನ್ನು ಸಂಭಾವ್ಯತೆ, ಸರಾಸರಿ, ಹರವು, ಒಂದು ಅಳತೆಯಿಂದ ಇನ್ನೊಂದನ್ನು ಅಂದಾಜಿಸುವ ಹಿಂಚಲನೆ (ರಿಗ್ರೆಷನ್) ಇವುಗಳಿಗೆ ಮೀಸಲಿಡಿ. ಜೊತೆಯಲ್ಲೇ ‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿ ಲೆಕ್ಕ ಮಾಡುವುದನ್ನು ರೂಢಿಸಿಕೊಳ್ಳಿ. ಧ್ವನಿಯ ಕಡೆ ಒಲವಿದ್ದರೆ ಮಾತಿನ ಧ್ವನಿಯನ್ನು ವಿಶ್ಲೇಷಿಸುವ ‘ಪ್ರಾಟ್’ ಎಂಬ ತಂತ್ರಾಂಶವೂ ಉಚಿತವಾಗಿ ಸಿಗುತ್ತದೆ. ಮಕ್ಕಳ ಮಾತಿನ ದಾಖಲೆಗಳ ಸಂಗ್ರಹವಾದ ‘ಚೈಲ್ಡ್ಸ್’ ಅನ್ನು ಬ್ರಯಾನ್ ಮ್ಯಾಕ್‌ವಿನಿ ಮತ್ತು ಕ್ಯಾಥರೀನ್ ಸ್ನೋ 1984ರಲ್ಲಿ ಆರಂಭಿಸಿದರು; ಪ್ರಯೋಗಾಲಯವಿಲ್ಲದ ವಿದ್ಯಾರ್ಥಿಯೂ ಅಲ್ಲಿಂದ ನಿಜವಾದ ದತ್ತಾಂಶವನ್ನು ಪಡೆದು ಕೈ ಪಳಗಿಸಿಕೊಳ್ಳಬಹುದು.

ಕೋರ್ಸನ್ನು ಆರಿಸುವಾಗ ಹೆಸರನ್ನು ಬದಿಗಿಡಿ. ಒಂದೇ ಹೆಸರಿನ ಪದವಿ ಒಂದು ಕಡೆ ಭಾಷಾವಿಜ್ಞಾನ ವಿಭಾಗದಲ್ಲೂ, ಇನ್ನೊಂದು ಕಡೆ ಮನೋವಿಜ್ಞಾನದಲ್ಲೂ, ಮತ್ತೊಂದು ಕಡೆ ಕಂಪ್ಯೂಟರ್ ವಿಭಾಗದಲ್ಲೂ ಇರುತ್ತದೆ. ನೀವು ಎರಡು ವರ್ಷ ಏನು ಮಾಡುತ್ತೀರಿ ಎಂಬುದನ್ನು ಆ ವಿಭಾಗ ನಿರ್ಧರಿಸುತ್ತದೆ. ಅಲ್ಲಿನ ಅಧ್ಯಾಪಕರು ಇತ್ತೀಚೆಗೆ ಪ್ರಕಟಿಸಿದ ಲೇಖನಗಳನ್ನು ಓದಿ, ಅವುಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಇದೆಯೇ ನೋಡಿ. ಪ್ರಬಂಧಕ್ಕೆ ಎಷ್ಟು ಕಾಲ ಕೊಡುತ್ತಾರೆ, ವಿದ್ಯಾರ್ಥಿಗಳು ತಾವೇ ಪ್ರಯೋಗವನ್ನು ರೂಪಿಸುತ್ತಾರೋ ಅಥವಾ ಸಿದ್ಧ ದತ್ತಾಂಶವನ್ನು ಮಾತ್ರ ವಿಶ್ಲೇಷಿಸುತ್ತಾರೋ, ನೈತಿಕ ಸಮಿತಿಯ ಅನುಮತಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಈಗ ಓದುತ್ತಿರುವವರನ್ನು ಕೇಳಿ. ಒಂದೇ ವರ್ಷದ ಕೋರ್ಸಾದರೆ, ಮಕ್ಕಳ ಮೇಲಿನ ಪ್ರಯೋಗವನ್ನು ಯೋಚಿಸಿ ಮುಗಿಸುವಷ್ಟು ಸಮಯ ಸಾಮಾನ್ಯವಾಗಿ ಉಳಿಯುವುದಿಲ್ಲ. ಗಣಿತದಿಂದ ದೂರ ಉಳಿದವರಿಗೆ ಎರಡು ವರ್ಷದ ಕೋರ್ಸೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅರ್ಜಿಯೊಂದಿಗೆ ಬರೆಯುವ ಉದ್ದೇಶಪತ್ರದಲ್ಲಿ ‘ಭಾಷೆ ಎಂದರೆ ನನಗೆ ಚಿಕ್ಕಂದಿನಿಂದ ಪ್ರೀತಿ’ ಎಂದು ಆರಂಭಿಸಬೇಡಿ. ನಿಮ್ಮನ್ನು ಕಾಡುವ ಒಂದು ಸಣ್ಣ ಪ್ರಶ್ನೆಯನ್ನು ಬರೆದು, ಅದಕ್ಕೆ ಯಾವ ಬಗೆಯ ಸಾಕ್ಷ್ಯ ಉತ್ತರವಾದೀತು ಎಂದು ವಿವರಿಸಿ. ಉತ್ತರ ಗೊತ್ತಿರಬೇಕಿಲ್ಲ.

ಪ್ರಶ್ನೆ: ನಾನು ಕಂಪ್ಯೂಟರ್ ವಿಜ್ಞಾನ ಓದಿದವನು. ಅಪಾರ ಪಠ್ಯದಿಂದ ಕಲಿತು ಮುಂದಿನ ಪದವನ್ನು ಊಹಿಸುವ ಕಂಪ್ಯೂಟರ್ ಪ್ರೋಗ್ರಾಮುಗಳಾದ ದೊಡ್ಡ ಭಾಷಾ ಮಾದರಿಗಳು ಮನುಷ್ಯರಂತೆಯೇ ಬರೆಯುತ್ತಿರುವಾಗ, ಮನುಷ್ಯರು ಭಾಷೆಯನ್ನು ಹೇಗೆ ಅರಿಯುತ್ತಾರೆ ಎಂದು ಪ್ರತ್ಯೇಕವಾಗಿ ಅಧ್ಯಯನ ಮಾಡುವುದರಿಂದ ಇನ್ನೇನು ಸಿಗುತ್ತದೆ?

ಉತ್ತರ: ಬರಹ ಹೋಲುತ್ತದೆ ಎಂಬುದರಿಂದ ಅದು ಹುಟ್ಟುವ ಬಗೆಯೂ ಹೋಲುತ್ತದೆ ಎಂದು ತೀರ್ಮಾನಿಸಲಾಗುವುದಿಲ್ಲ. ಇಂದಿನ ದೊಡ್ಡ ಮಾದರಿಗಳನ್ನು ಲಕ್ಷಾಂತರ ಕೋಟಿ ಪದಗಳಿಂದ ತರಬೇತುಗೊಳಿಸುತ್ತಾರೆ. ಮಗು ಹದಿಹರೆಯಕ್ಕೆ ಬರುವ ಹೊತ್ತಿಗೆ ಕೇಳಿರುವುದು ಹತ್ತು ಕೋಟಿಯ ಆಸುಪಾಸಿನಷ್ಟು ಪದಗಳನ್ನು, ಮತ್ತು ಅದಕ್ಕೆ ಎಷ್ಟೋ ಮೊದಲೇ ಅದು ನಿರರ್ಗಳವಾಗಿ ಮಾತಾಡುತ್ತಿರುತ್ತದೆ. ಇಷ್ಟು ಕಡಿಮೆಯಿಂದ ಅಷ್ಟನ್ನು ಕಲಿಯುವುದು ಹೇಗೆ ಎಂಬುದು ಎರಡೂ ಕ್ಷೇತ್ರಗಳಿಗೆ ಸೇರಿದ ಪ್ರಶ್ನೆ. 2023ರಲ್ಲಿ ಆರಂಭವಾದ ‘ಬೇಬಿ‌ಎಲ್‌ಎಂ’ ಸ್ಪರ್ಧೆಯಲ್ಲಿ ಒಂದು ಕೋಟಿ ಅಥವಾ ಹತ್ತು ಕೋಟಿ ಪದಗಳ ಮಿತಿಯೊಳಗೆ ಮಾದರಿಗಳನ್ನು ಕಲಿಸುವ ಸವಾಲನ್ನು ಇಟ್ಟದ್ದು ಇದಕ್ಕಾಗಿಯೇ.

ಕಲಿಕೆಯ ಕಾಲಕ್ರಮವೂ ಮುಖ್ಯ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳಂಥ ಧ್ವನಿಗಳ ವ್ಯತ್ಯಾಸವನ್ನು ಗುರುತಿಸುತ್ತವೆ, ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿರುತ್ತದೆ. ಮಗು ತನ್ನ ಸುತ್ತಲಿನ ಭಾಷೆಗೆ ಕಿವಿಯನ್ನು ಹದಗೊಳಿಸಿಕೊಳ್ಳುವ ಈ ಕ್ರಮವನ್ನು ವಿವರಿಸದ ಮಾದರಿ, ಎಷ್ಟೇ ಚೆನ್ನಾಗಿ ಬರೆದರೂ, ಮನುಷ್ಯನ ಕಲಿಕೆಯ ಸಿದ್ಧಾಂತವಾಗಲಾರದು.

ಹಾಗೆಂದು ಮಾದರಿಗಳನ್ನು ದೂರವಿಡಬೇಕಿಲ್ಲ. ಮುಂದಿನ ಪದ ಎಷ್ಟು ಅನಿರೀಕ್ಷಿತ ಎಂದು ಮಾದರಿ ಲೆಕ್ಕ ಹಾಕುವ ಮೊತ್ತಕ್ಕೂ ಓದುಗರು ಆ ಪದದ ಮೇಲೆ ತಡೆಯುವ ಸಮಯಕ್ಕೂ ಸಂಬಂಧವಿದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆ ಸಂಬಂಧ ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು, ವಿಶೇಷವಾಗಿ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಹುಡುಕುವುದು, ನಿಮ್ಮ ಹಿನ್ನೆಲೆಯವರಿಗೆ ಒಪ್ಪುವ ಪ್ರಬಂಧದ ವಿಷಯವಾದೀತು. ಆದರೆ ಮೊದಲ ಅವಧಿಯಲ್ಲೇ ವಾಕ್ಯರಚನೆ ಮತ್ತು ಧ್ವನಿವಿಜ್ಞಾನದ ಪಾಠಗಳನ್ನು ತೆಗೆದುಕೊಳ್ಳಿ. ಅವು ಐಚ್ಛಿಕವಾಗಿದ್ದರೂ ಬಿಡಬೇಡಿ.