ನಿಮ್ಮ ಕತೆ ಐದನೇ ಪುಟದಲ್ಲಿದೆ

ನಮಸ್ಕಾರ,

ಗಿಡಗಳಿಗೆ ರೋಗ ತರುವ ಬ್ಯಾಕ್ಟೀರಿಯಾ ಬೆಳಕನ್ನು ಗುರುತಿಸಿ ನಡವಳಿಕೆ ಬದಲಿಸುತ್ತವೆ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ವಿಷಯ ನನಗೆ ತುಂಬಾ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

ಮೊದಲ ನಾಲ್ಕು ಪುಟ ಸೂರ್ಯ, ದ್ಯುತಿಸಂಶ್ಲೇಷಣೆ, ಸೂಕ್ಷ್ಮದರ್ಶಕದ ಇತಿಹಾಸ. ಎಲ್ಲಾ ತೆಗೆದುಬಿಡಿ. ಐದನೇ ಪುಟದಲ್ಲಿ ಒಂದು ಸಾಲು ಬರುತ್ತೆ: ‘ಸ್ಯೂಡೋಮೊನಾಸ್ ಸಿರಿಂಜೆಯ ಚಲನೆಯನ್ನು ಬೆಳಕು ನಿಯಂತ್ರಿಸುತ್ತದೆ.’ ಎಲೆಗಳ ಮೇಲೆ ಬದುಕಿ ರೋಗ ತರುವ ಬ್ಯಾಕ್ಟೀರಿಯಾ ಇದು. ಲೇಖನ ಶುರುವಾಗಬೇಕಾದ್ದು ಅಲ್ಲಿಂದ. ನೀವು ಅಷ್ಟು ಹೇಳಿ ಮುಂದೆ ಹೋಗಿದ್ದೀರಿ. ಹೇಗೆ ನಿಯಂತ್ರಿಸುತ್ತೆ, ಅದು ಗೊತ್ತಾಗಿದ್ದು ಹೇಗೆ?

2013ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ಓದುಗರ ಕಣ್ಣೆದುರು ಇಡಿ. ಜೆಲ್ಲಿಯಂಥ ಮೆತ್ತಗಿನ ಅಗಾರ್ ಹಾಕಿದ ತಟ್ಟೆಯ ಮೇಲೆ ಈ ಬ್ಯಾಕ್ಟೀರಿಯಾ ಗುಂಪಾಗಿ ಹರಡುತ್ತವೆ. ಕೆಂಪು ಬೆಳಕನ್ನು ಗ್ರಹಿಸುವ ಒಂದು ಫೈಟೋಕ್ರೋಮ್ ಪ್ರೋಟೀನ್ ಈ ಹರಡುವಿಕೆಗೆ ಬ್ರೇಕ್ ಹಾಕುತ್ತದೆ. ನೀಲಿ ಬೆಳಕನ್ನು ಗ್ರಹಿಸುವ ಎಲ್‌ಓವಿ ಪ್ರೋಟೀನ್ ಹರಡುವುದಕ್ಕೆ ನೆರವಾಗುತ್ತದೆ. ಸಂಶೋಧಕರು ಈ ಎರಡೂ ಪ್ರೋಟೀನ್‌ಗಳ ಜೀನ್‌ಗಳನ್ನು ಒಟ್ಟಿಗೇ ತೆಗೆದು ನೋಡಿದರು. ನೀಲಿ ಬೆಳಕಿನಲ್ಲಿ ಅಂಥ ಬ್ಯಾಕ್ಟೀರಿಯಾ, ಬರೀ ಫೈಟೋಕ್ರೋಮ್ ಕಳೆದುಕೊಂಡವುಗಳ ಹಾಗೆಯೇ ಹರಡಿದವು. ಅಂದ್ರೆ ಎಲ್‌ಓವಿ ತಾನೇ ಓಡಿಸುತ್ತಿರಲಿಲ್ಲ, ಆ ಬ್ರೇಕನ್ನು ಸಡಿಲಿಸುತ್ತಿತ್ತು! ಕೆಂಪಿನದು ಎಂದುಕೊಂಡಿದ್ದ ಪ್ರೋಟೀನ್ ನೀಲಿಗೂ ಸ್ಪಂದಿಸುತ್ತದೆ ಎಂದೂ ಆಗ ಗೊತ್ತಾಯಿತು. ಓದುಗರು ಕುರ್ಚಿ ತುದಿಗೆ ಬರುವ ಜಾಗ ಇದು. ಇದಕ್ಕೆ ಒಂದು ಇಡೀ ಪುಟ ಕೊಡಿ.

ಇನ್ನು ನಿಮ್ಮ ದೊಡ್ಡ ತಪ್ಪು. ‘ಬೆಳಕು ಹೆಚ್ಚಾದಷ್ಟೂ ರೋಗ ಜಾಸ್ತಿ’ ಎಂದು ಬರೆದಿದ್ದೀರಿ. ಹಾಗೆ ಎಲ್ಲಕ್ಕೂ ಸೇರಿಸಿ ಹೇಳಲು ಬರುವುದಿಲ್ಲ. ಮಣ್ಣಿನಲ್ಲಿದ್ದು ಗಿಡದಲ್ಲಿ ಗಂಟು ಬರಿಸುವ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. ಬೆಳಕಿನಲ್ಲಿ ಅದರ ಚಲನೆ ತಗ್ಗುತ್ತದೆ, ಟೊಮೆಟೊ ಬೇರಿಗೆ ಅಂಟುವುದೂ ಕಡಿಮೆಯಾಗುತ್ತದೆ. ಎಲೆ ಮೇಲೆ ಬದುಕುವ ಬ್ಯಾಕ್ಟೀರಿಯಾದ ದಿನಚರಿ ಬೇರೆ, ಮಣ್ಣಿನಲ್ಲಿರುವುದರದು ಬೇರೆ, ಅಲ್ವಾ?

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಗಿಡವೂ ಬೆಳಕಿಗೆ ಸ್ಪಂದಿಸುತ್ತದೆ. ಬೆಳಕು ಬಿದ್ದಾಗ ಸಾಮಾನ್ಯವಾಗಿ ಎಲೆಯ ಪತ್ರರಂಧ್ರಗಳು ತೆರೆಯುತ್ತವೆ, ಎಷ್ಟೋ ಬ್ಯಾಕ್ಟೀರಿಯಾ ಒಳಗೆ ನುಗ್ಗುವುದೇ ಅಲ್ಲಿಂದ. ಗಿಡದ ರಕ್ಷಣಾ ವ್ಯವಸ್ಥೆಯೂ ಬೆಳಕನ್ನು ನೆಚ್ಚಿಕೊಂಡಿದೆ. ಹಾಗಿರುವಾಗ ಎಲೆಯ ಮೇಲೆ ರೋಗ ಹೆಚ್ಚಿತು ಎಂದರೆ ಬದಲಾದದ್ದು ಬ್ಯಾಕ್ಟೀರಿಯಾವೋ ಗಿಡವೋ? ಅಗಾರ್ ತಟ್ಟೆಯ ಪ್ರಯೋಗದಲ್ಲಿ ಗಿಡವೇ ಇಲ್ಲ. ಅದರ ಬೆಲೆ ಇರುವುದು ಅಲ್ಲೇ. ನಿಮ್ಮ ಲೇಖನದಲ್ಲಿ ಈ ಪ್ರಶ್ನೆ ಒಮ್ಮೆಯೂ ಏಳುವುದಿಲ್ಲ.

ಚಿಕ್ಕದೊಂದು ತಿದ್ದುಪಡಿ: ಫೈಟೋಕ್ರೋಮ್ ಗಿಡಗಳಲ್ಲಿ ಮಾತ್ರ ಇರುತ್ತದೆ ಎಂಬ ಸಾಲು ತಪ್ಪು. ದ್ಯುತಿಸಂಶ್ಲೇಷಣೆ ಮಾಡದ ಡೈನೋಕಾಕಸ್ ಬ್ಯಾಕ್ಟೀರಿಯಾದಲ್ಲೂ ಅದು ಇದೆ ಎಂದು 1999ರಲ್ಲೇ ವರದಿಯಾಗಿದೆ.

ಕೊನೆಯಲ್ಲಿ ಹೊಲಕ್ಕೆ ಕೆಂಪು ದೀಪ ಹಾಕಿ ಎಂದು ರೈತರಿಗೆ ಸಲಹೆ ಕೊಟ್ಟಿದ್ದೀರಿ. ತಟ್ಟೆಯ ಮೇಲೆ ಕಂಡದ್ದರಿಂದ ಹೊಲಕ್ಕೆ ಒಂದೇ ನೆಗೆತಕ್ಕೆ ಹಾರಬೇಡಿ. ಯಾರಾದರೂ ನಂಬಿ ಸುಮ್ನೆ ದುಡ್ಡು ಖರ್ಚು ಮಾಡಿದರೆ ಅದರ ಹೊಣೆ ನಮ್ಮ ಮೇಲಿರುತ್ತದೆ. ಆ ಭಾಗ ಬೇಡವೇ ಬೇಡ.

ನಿಮ್ಮ ವಾಕ್ಯಗಳು ಚುರುಕಾಗಿವೆ, ಓದಿಸಿಕೊಂಡು ಹೋಗುತ್ತವೆ. ಮೂಲ ಪ್ರಬಂಧವನ್ನು ಕೂತು ಇನ್ನೊಮ್ಮೆ ಓದಿ. ಆಮೇಲೆ ಈಗಿನದರ ಅರ್ಧದಷ್ಟು ಉದ್ದದಲ್ಲಿ ಹೊಸದಾಗಿ ಬರೆದು ಕಳಿಸಿ, ನಾನೇ ಓದುತ್ತೇನೆ.

ಇತಿ,
ಸಂಪಾದಕ